ಒಂದು ಇರುವೆ ಕಚ್ಚಿದ್ದಕ್ಕೆ

ಮಳೆಗಾಲದ ಆರಂಭದಲ್ಲಿ, ಮಗ್ರಿಬ್‌ನ ಹೊತ್ತಿಗೆ ದೀಪ ಹಾಕಿದೊಡನೆ ರೆಕ್ಕೆಯ ಹುಳಗಳು ಮನೆಗೆ ಮುತ್ತುತ್ತವೆ. ಕೆಲವು ಗೆದ್ದಲು, ಕೆಲವು ಕಪ್ಪು ಗೊದ್ದ ಇರುವೆಗಳು. ಸೊಂಟ ಸಪೂರವಾಗಿದ್ದು ಮುಂದಿನ ರೆಕ್ಕೆ ಹಿಂದಿನದಕ್ಕಿಂತ ಉದ್ದವಾಗಿದ್ದರೆ ಅದು ಇರುವೆ. ನಾಲ್ಕು ರೆಕ್ಕೆಗಳೂ ಸಮನಾಗಿದ್ದರೆ ಗೆದ್ದಲು.

ಈ ಹಾರಾಟ ಇರುವೆಗಳ ಸಂತಾನವೃದ್ಧಿಗಾಗಿ. ಕೂಡಿದ ಬಳಿಕ ಗಂಡು ಸಾಯುತ್ತದೆ. ರಾಣಿಯು ತನ್ನ ರೆಕ್ಕೆ ಕಳಚಿ, ಗೂಡಿನೊಳಗೆ ಅಡಗಿ, ತನ್ನ ದೇಹದಲ್ಲಿ ಕೂಡಿಟ್ಟ ಸತ್ವದಿಂದಲೇ ಮೊದಲ ಮರಿಗಳನ್ನು ಸಾಕುತ್ತದೆ. ಇದನ್ನು ಅದಕ್ಕೆ ಕಲಿಸಿದವರು ಯಾರು? ಭೂಮಿಯಲ್ಲಿ ಚಲಿಸುವ ಜೀವಿಗಳೂ ನಿಮ್ಮಂತೆಯೇ ಸಮುದಾಯಗಳೆಂದು ಪವಿತ್ರ ಕುರ್‌ಆನ್ (6:38) ತಿಳಿಸುತ್ತದೆ. 27ನೆಯ ಅಧ್ಯಾಯಕ್ಕೆ 'ಅನ್ನಮ್ಲ್' ಅಂದರೆ ಇರುವೆ ಎಂದೇ ಹೆಸರು.

ಆದರೆ ನಮ್ಮಲ್ಲಿ ಕೆಲವರು ಇರುವೆಗೂಡು ಕಂಡರೆ ಸೀಮೆಎಣ್ಣೆ ಸುರಿದು ಬೆಂಕಿ ಹಚ್ಚುತ್ತಾರೆ. ಇರುವೆಗೂಡೊಂದನ್ನು ಸುಟ್ಟದ್ದನ್ನು ಕಂಡ ಪ್ರವಾದಿವರ್ಯರು(ಸ), ಬೆಂಕಿಯಿಂದ ಶಿಕ್ಷಿಸುವ ಹಕ್ಕು ಬೆಂಕಿಯ ಒಡೆಯನಿಗೆ ಮಾತ್ರ ಎಂದು ತಡೆದರೆಂದು ಅಬೂದಾವೂದ್‌ನ ಹದೀಸ್‌ನಲ್ಲಿದೆ. ಉಪದ್ರವ ಮಾಡುವುದನ್ನು ನಿವಾರಿಸಲು ವಿದ್ವಾಂಸರು ಅನುಮತಿ ನೀಡಿದ್ದಾರೆ, ಸುಡಲು ಅಲ್ಲ. ದೀಪ ಆರಿಸಿ, ಕಿಟಕಿ ಮುಚ್ಚಿದರೆ ಹುಳಗಳ ಕಾಟ ಬಹಳ ಮಟ್ಟಿಗೆ ತಗ್ಗುತ್ತದೆ. ಬಾಗಿಲ ಚೌಕಟ್ಟಿನ ಕೆಳಗೆ ಮರದ ಹುಡಿ ಬೀಳುತ್ತಿದ್ದರೆ ಪರೀಕ್ಷಿಸಿರಿ. ಮರ ಕೊರೆಯುವ ಜಾತಿಯ ಗೊದ್ದಗಳು ಮರವನ್ನು ತಿನ್ನುವುದಿಲ್ಲ; ಹೆಚ್ಚಾಗಿ ನೀರು ಸೋರಿ ಮೆತ್ತಗಾದ ಮರವನ್ನು ಕೊರೆದು ಗೂಡು ಮಾಡುತ್ತವೆ. ಅಲ್ಲಿ ಮೊದಲು ಸರಿಪಡಿಸಬೇಕಾದದ್ದು ಸೋರಿಕೆಯನ್ನು.

ಇನ್ನೊಂದು ಹದೀಸನ್ನು ಬುಖಾರಿ ಮತ್ತು ಮುಸ್ಲಿಮ್ ವರದಿ ಮಾಡಿವೆ. ಹಿಂದಿನ ಪ್ರವಾದಿಯೊಬ್ಬರಿಗೆ ಇರುವೆಯೊಂದು ಕಚ್ಚಿತು. ಅವರು ಗೂಡನ್ನೇ ಸುಡಿಸಿದರು. ಒಂದು ಇರುವೆ ಕಚ್ಚಿತೆಂದು ತನ್ನ ಪಾವಿತ್ರ್ಯ ಕೊಂಡಾಡುವ ಸಮುದಾಯವನ್ನೇ ಸುಟ್ಟಿರಾ ಎಂದು ಅಲ್ಲಾಹನು ಅವರನ್ನು ಆಕ್ಷೇಪಿಸಿದನು.

ಓದುಗ ಸಹೋದರ ಸಹೋದರಿಯರೇ, ಈ ಬೆಂಕಿ ನಮ್ಮ ಮನೆಗಳಲ್ಲಿ ಉರಿಯುತ್ತಿಲ್ಲವೇ? ಮದುವೆ ಮನೆಯಲ್ಲಿ ಮಾವನೊಬ್ಬ ಒಂದು ಕಟು ಮಾತು ಆಡಿರುತ್ತಾನೆ. ಅಂದಿನಿಂದ ಆ ಇಡೀ ಕುಟುಂಬಕ್ಕೆ ವಲೀಮಾದ ಕರೆಯಿಲ್ಲ, ಅವರ ಮಯ್ಯಿತ್‌ಗೆ ನಾವಿಲ್ಲ. ಅಂದು ತೊಟ್ಟಿಲಲ್ಲಿದ್ದ ಮಕ್ಕಳು ಇಂದು ಸೋದರ ಸಂಬಂಧಿಗಳ ಮುಖ ಪರಿಚಯವೇ ಇಲ್ಲದೆ ಬೆಳೆದಿದ್ದಾರೆ. ಅವರು ಯಾರನ್ನು ಕಚ್ಚಿದ್ದರು? ಒಬ್ಬನ ಹೊರೆಯನ್ನು ಇನ್ನೊಬ್ಬನು ಹೊರಲಾರನೆಂದು ಕುರ್‌ಆನ್ (6:164) ಸಾರುತ್ತದೆ. ಸಂಬಂಧ ಕಡಿಯುವವನು ಸ್ವರ್ಗ ಪ್ರವೇಶಿಸಲಾರನೆಂದು ಪ್ರವಾದಿವರ್ಯರು(ಸ) ಎಚ್ಚರಿಸಿದ್ದಾರೆ.

ಹಝ್ರತ್ ಸುಲೈಮಾನ್(ಅ)ರ ಸೇನೆ ಬಂದಾಗ ಇರುವೆಯೊಂದು ತನ್ನವರನ್ನು ಹೇಗೆ ಎಚ್ಚರಿಸಿತು ನೋಡಿರಿ. ಬಿಲ ಸೇರಿಕೊಳ್ಳಿ, ಅವರು ಅರಿಯದೆ ನಿಮ್ಮನ್ನು ತುಳಿದಾರು ಎಂದಿತು. ತುಳಿಯುವ ಮೊದಲೇ ಅದು ಸೇನೆಯ ಕುರಿತು ಒಳ್ಳೆಯದನ್ನೇ ಭಾವಿಸಿತು. ಅದನ್ನು ಕೇಳಿ ನಸುನಕ್ಕ ಸುಲೈಮಾನ್(ಅ) ಅಧಿಕಾರದ ಗರ್ವ ಪಡಲಿಲ್ಲ, ಕೃತಜ್ಞನಾಗುವ ಭಾಗ್ಯವನ್ನು ಬೇಡಿದರು.

'ಅರಿಯದೆ ಆಡಿರಬಹುದು' ಎಂಬ ಆ ಒಂದು ಮಾತನ್ನು ನಮ್ಮ ಬಂಧುವಿನ ಬಗ್ಗೆ ಹೇಳಲು ನಮಗೇಕೆ ಸಾಧ್ಯವಿಲ್ಲ? ಬರುವ ಜುಮಾ ನಮಾಝ್‌ನ ಬಳಿಕ ಆ ಮನೆಯ ಬಾಗಿಲಿಗೆ ಹೋಗಿ ಸಲಾಮ್ ಹೇಳಿರಿ. ಅಲ್ಲಾಹನು ನಮ್ಮ ಹೃದಯಗಳನ್ನು ಜೋಡಿಸಲಿ. ಆಮೀನ್.