ಪಕ್ಕದಲ್ಲಿ ಕೂತವರು

ಅಕ್ಕನ ಮಗಳು ಪತ್ರಿಕೋದ್ಯಮ ಓದುತ್ತಿದ್ದಾಳೆ. ಪುತ್ತೂರು, ಸುಳ್ಯ, ಕಡಬದ ಮನೆಗಳಲ್ಲಿ ಜನ ಟಿ.ವಿ. ನೋಡುವಾಗ ಕೈಯಲ್ಲಿ ಮೊಬೈಲು ಹಿಡಿದು ಏನು ಮಾಡುತ್ತಾರೆ ಎಂಬುದು ಅವಳ ಸಂಶೋಧನಾ ವರದಿಯ ವಿಷಯ. ದೊಡ್ಡ ಪರದೆಯಲ್ಲಿ ಬಿಗ್ ಬಾಸ್, ಸಣ್ಣ ಪರದೆಯಲ್ಲಿ ಯಾರನ್ನು ಉಳಿಸಬೇಕೆಂಬ ಮತ. ದೊಡ್ಡದರಲ್ಲಿ ಕ್ರಿಕೆಟ್, ಸಣ್ಣದರಲ್ಲಿ ಗೆಳೆಯರ ಗಲಾಟೆ. ಇದಕ್ಕೆ ‘ಸಂವಾದಾತ್ಮಕ ವೀಕ್ಷಣೆ’ ಎಂದು ಹೆಸರಂತೆ. ಅವಳ ಪ್ರಶ್ನಾವಳಿಯಲ್ಲಿ ಎಷ್ಟು ನಿಮಿಷ, ಎಷ್ಟು ಸಲ, ಯಾವ ಆ್ಯಪ್ ಎಂದೆಲ್ಲ ಇತ್ತು. ಅದನ್ನು ಓದುತ್ತಿದ್ದಂತೆ ನನ್ನನ್ನು ಬೇರೆಯೇ ಒಂದು ಪ್ರಶ್ನೆ ಹಿಡಿದುಕೊಂಡಿತು. ನಮ್ಮ ಗಮನದಲ್ಲಿ ಪಕ್ಕದಲ್ಲಿ ಕೂತವರಿಗೆ ಪಾಲು ಉಂಟೋ ಇಲ್ಲವೋ?

ಮನಸ್ಸು ಎರಡು ಕಡೆ ಹರಿಯುವುದು ಈ ಕಾಲದ ರೋಗ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ನಮ್ಮ ಕಡೆಯ ಹೆಂಗಸರು ಬರಿಗೈಯಲ್ಲಿ ಕೂತು ಟಿ.ವಿ. ನೋಡಿದ್ದು ಯಾವಾಗ? ಅಡಿಕೆ ಸುಲಿಯುತ್ತ, ಬೀಡಿ ಕಟ್ಟುತ್ತ, ತೊಂಡೆಕಾಯಿ ಹೆಚ್ಚುತ್ತ ನೋಡಿದವರು ನಾವು. 1987ರ ಜನವರಿಯಿಂದ 1988ರ ಜುಲೈವರೆಗೆ ದೂರದರ್ಶನದಲ್ಲಿ ಭಾನುವಾರ ಬೆಳಿಗ್ಗೆ ರಾಮಾಯಣ ಬರುತ್ತಿದ್ದಾಗ, ಟಿ.ವಿ. ಇದ್ದ ಮನೆಗೆ ನೆರೆಕರೆಯೆಲ್ಲ ಬಂದು ಕೂರುತ್ತಿತ್ತು. ಎಲ್ಲರೂ ಒಟ್ಟಿಗೆ ನೋಡುತ್ತಿದ್ದ ಕಾಲ ಎಂದು ಈಗ ಅದನ್ನು ಹೊಗಳುತ್ತೇವೆ. ಬಂದವರಿಗೆಲ್ಲ ಚಾ ಕಾಸುತ್ತ, ಸೀತಾಪಹರಣವನ್ನು ಅಡಿಗೆಮನೆಯಿಂದ ಬರೀ ಕಿವಿಯಲ್ಲೇ ಮುಗಿಸಿದ ಆ ಮನೆಯ ಯಜಮಾನಿಯನ್ನೂ ಒಮ್ಮೆ ಕೇಳಬೇಕು.

ನೋಡುವವರನ್ನು ನೋಡುವ ಕೆಲಸವೂ ಹೊಸದಲ್ಲ. 1975ರ ಆಗಸ್ಟ್‌ನಿಂದ ಒಂದು ವರ್ಷ ‘ಸೈಟ್’ ಎಂಬ ಪ್ರಯೋಗ ನಡೆದಿತ್ತು. ಅಮೆರಿಕದ ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಟಿ.ವಿ. ತಲುಪಿತು. ನಮ್ಮ ಗುಲ್ಬರ್ಗ, ರಾಯಚೂರು, ಬಿಜಾಪುರದ ಕಡೆಯ ಹಳ್ಳಿಗಳೂ ಅದರಲ್ಲಿದ್ದವು. ಊರಿಗೊಂದೇ ಪೆಟ್ಟಿಗೆ. ಅದರ ಮುಂದೆ ಯಾರು ಕೂತರು, ಅವರಿಗೆ ಏನು ಅರ್ಥವಾಯಿತು ಎಂದು ತಿಳಿಯಲು ಅಧ್ಯಯನಕಾರರು ಹಳ್ಳಿಗಳಿಗೇ ಹೋದರು. ನಮ್ಮ ಹುಡುಗಿ ಹೊರಟದ್ದೂ ಅದೇ ದಾರಿಯಲ್ಲಿ. ಅವಳ ಜೊತೆಗೆ ಎರಡು ದಿನ ನಾನೂ ತಿರುಗಿದೆ.

ಕಡಬದ ಒಂದು ಮನೆಯಲ್ಲಿ ಎಂಬತ್ತು ದಾಟಿದ ಅಜ್ಜಿ, ಕಾಲೇಜಿಗೆ ಹೋಗುವ ಮೊಮ್ಮಗ. ಅಜ್ಜಿಗೆ ಕಿವಿ ಮಂದ. ಧಾರಾವಾಹಿ ನಡೆಯುತ್ತಿತ್ತು. “ಅವ ಈಗ ಎಂತ ಹೇಳಿದ?” ಎಂದು ಅಜ್ಜಿ ಕೇಳಿದರು. ಹುಡುಗ ಮೊಬೈಲಿನಿಂದ ತಲೆ ಎತ್ತದೆ “ಏನಿಲ್ಲ ಅಜ್ಜಿ” ಎಂದ. ಸ್ವಲ್ಪ ಹೊತ್ತು ಕಳೆದು ಮತ್ತೆ ಕೇಳಿದರು. ಮತ್ತೆ “ಏನಿಲ್ಲ”. ಮೂರನೆಯ ಸಲದ ನಂತರ ಅವರು ಕೇಳಲಿಲ್ಲ. ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತ ಪರದೆಯನ್ನೇ ನೋಡುತ್ತಿದ್ದರು. ನಮೂನೆಯಲ್ಲಿ ‘ಒಟ್ಟಿಗೆ ಕುಳಿತು ನೋಡುತ್ತಾರೆ’ ಎಂಬಲ್ಲಿ ಗುರುತು ಬಿತ್ತು.

ಹುಡುಗ ಕೆಟ್ಟವನಲ್ಲ. ದಿನಾ ಹತ್ತು ಸಲ ಅದೇ ಪ್ರಶ್ನೆಗೆ ಉತ್ತರಿಸುವುದು ಸುಲಭವೂ ಅಲ್ಲ. ಹಿಂದೆ ಆ ಉತ್ತರ ಹೇಳುತ್ತಿದ್ದವಳು ಸೊಸೆ. ಅವಳ ದಣಿವನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಆ ಭಾರವನ್ನು ಪುನಃ ಅವಳ ತಲೆಗೇ ಹೊರಿಸಿ ಹಳೆಯ ಕಾಲ ಚೆಂದವಿತ್ತು ಎನ್ನುವುದು ಬೇಡ. ಆದರೂ ಮುಖ ಕಾಣದ ಸ್ಪರ್ಧಿಯ ಅಳಿವು ಉಳಿವಿಗೆ ಬೆರಳು ಒತ್ತುವುದು ‘ಸಂವಾದ’ ಎನಿಸಿ, ಮಗ್ಗುಲಲ್ಲಿದ್ದವರಿಗೆ ಹೇಳುವ ಒಂದು ವಾಕ್ಯ ಲೆಕ್ಕಕ್ಕೇ ಬಾರದಿರುವುದು ನನಗೆ ಸರಿಕಾಣಲಿಲ್ಲ.

ಹಾಗೆಂದು ಮೊಬೈಲನ್ನು ಬೈಯಲು ಹೊರಟರೆ ಸುಳ್ಯದ ಒಬ್ಬರು ಅಡ್ಡ ಬರುತ್ತಾರೆ. ಗಂಡ ತೀರಿಹೋದ ಮೇಲೆ ಮನೆಯಲ್ಲಿ ಒಬ್ಬರೇ. ಮುಂಬಯಿಯಲ್ಲಿರುವ ತಂಗಿಗೆ ಫೋನು ಮಾಡಿ, ಸ್ಪೀಕರ್ ಹಾಕಿಟ್ಟು, ಇಬ್ಬರೂ ಒಂದೇ ಧಾರಾವಾಹಿ ನೋಡುತ್ತಾರೆ. “ಕಂಡ್ಯಾ, ನಾನು ಆಗಲೇ ಹೇಳಿರ್ಲಿಲ್ವಾ?” ಎಂದು ಆ ತುದಿಯಿಂದ ಬಂದರೆ ಈ ತುದಿಯಲ್ಲಿ ನಗು. ಮಳೆ ಜೋರಾದರೆ ನೆಟ್‌ವರ್ಕ್ ಹೋಗುತ್ತದೆ. ಆಗ ಜಗಲಿಯ ಕೊನೆಗೆ ಕುರ್ಚಿ ಎಳೆದುಕೊಳ್ಳುತ್ತಾರೆ. ಅಲ್ಲಿಗೆ ಟಿ.ವಿ.ಯ ಚಿತ್ರ ಕಾಣುವುದಿಲ್ಲ, ತಂಗಿಯ ಸ್ವರ ಕೇಳುತ್ತದೆ. ನಮೂನೆಯಲ್ಲಿ ಇವರದು ‘ಒಬ್ಬರೇ ನೋಡುತ್ತಾರೆ, ಗಮನ ಚದುರಿದೆ’.

ಬಸ್ಸಿನಲ್ಲಿ ಹಿಂದಿರುಗುವಾಗ, ಕೇಳಿದವರಿಗೆ ಉತ್ತರ ಸಿಕ್ಕಿತೋ ಎಂದು ಒಂದು ಕಲಂ ಸೇರಿಸು ಎಂದೆ.

“ಅದನ್ನು ಅಳೆಯುವುದು ಹೇಗೆ ಚಿಕ್ಕಮ್ಮ? ಗೈಡ್ ಒಪ್ಪುವುದಿಲ್ಲ.”

“ಕಡಬದ ಅಜ್ಜಿ ಎಷ್ಟು ಸಲ ಕೇಳಿದರು?”

“ಮೂರು.”

“ಅಳೆದಾಯಿತಲ್ಲ.”

ಅವಳು ಪೆನ್ಸಿಲಿನಲ್ಲಿ ಅಂಚಿಗೆ ‘3’ ಎಂದು ಬರೆದಳು. ಅದರ ತಲೆಬರಹ ಏನೆಂದು ಮಾತ್ರ ಪುತ್ತೂರು ಬಂದರೂ ನಮ್ಮಿಬ್ಬರಿಗೂ ಹೊಳೆಯಲಿಲ್ಲ.