ಬೇನೆಯ ಕಾಲದ ಸಾಕ್ಷಿಯು

2020ನೆಯ ವರುಷದ ಮಾರ್ಚ್ 25ರಿಂದ ದೇಶವೆಲ್ಲ ಬಾಗಿಲು ಮುಚ್ಚಿಕೊಂಡು ಕೂತ ದಿನಗಳನ್ನು ನಾವು ಎಂದಿಗೂ ಮರೆಯಲಾರೆವೆಂದು ಎಣಿಸುತ್ತೇವೆ. ಆದರೆ ಮರೆಯುವೆವು. 1918ರಲ್ಲಿ ಮುಂಬಯಿಯಿಂದ ಹಬ್ಬಿದ ಇನ್‌ಫ್ಲುಯೆಂಜಾ ಜ್ವರವು ಹಿಂದುಸ್ಥಾನದಲ್ಲಿ ಒಂದು ಕೋಟಿಗೂ ಮಿಕ್ಕ ಜನರನ್ನು ಕೊಂದಿತು. ಆಗ ಜಮಖಂಡಿಯೂ ಮುಧೋಳವೂ ಸಂಸ್ಥಾನಗಳಾಗಿದ್ದವು. ಬೀಳಗಿಯು ವಿಜಾಪುರ ಜಿಲ್ಲೆಗೆ ಸೇರಿತ್ತು. ದಫ್ತರಗಳಲ್ಲಿ ಸತ್ತವರ ಎಣಿಕೆಯುಂಟು. ಆದರೆ ತಾಯಿ ಸತ್ತ ಕೂಸಿಗೆ ಹಾಲು ಕೊಟ್ಟವರು ಯಾರು, ಹೆಣ ಹೊರಲಿಕ್ಕೆ ಬಂದವರು ಯಾರು, ಬಾರದವರು ಯಾರು ಎಂಬದನ್ನು ಎಣಿಕೆಯು ಹೇಳದು. ಅದನ್ನು ಬಲ್ಲ ಮುದುಕಿಯರು ಈಗ ಇಲ್ಲ.

ಎಣಿಕೆಯಾದರೂ ಸರಿಯಿರುವದೋ? 2021ರ ಕೊನೆಯ ವರೆಗೆ ಕೋವಿಡ್ ಬೇನೆಯಿಂದ ಸತ್ತವರು ಸುಮಾರು 4 ಲಕ್ಷ 81 ಸಾವಿರವೆಂದು ನಮ್ಮ ಸರಕಾರವು ಲೆಕ್ಕ ಕೊಟ್ಟಿತು. ಆ ಎರಡು ವರುಷಗಳಲ್ಲಿ ವಾಡಿಕೆಗಿಂತ ಹೆಚ್ಚಾಗಿ ಆದ ಮರಣಗಳು 47 ಲಕ್ಷವೆಂದು ವಿಶ್ವ ಆರೋಗ್ಯ ಸಂಸ್ಥೆಯು 2022ರಲ್ಲಿ ಅಂದಾಜು ಮಾಡಿತು. ಸರಕಾರವು ಅದನ್ನು ಒಪ್ಪಲಿಲ್ಲ. ಈ ವ್ಯಾಜ್ಯವನ್ನು ತೀರಿಸುವದು ನಮ್ಮ ಕೈಯಲ್ಲಿಲ್ಲ. ಆದಾಗ್ಯೂ ನಮ್ಮ ಓಣಿಯಲ್ಲಿ ಸತ್ತವರು ಯಾರೆಂಬದು ನಮಗೆ ಗೊತ್ತುಂಟಷ್ಟೆ.

ವಿಜಾಪುರದ ಗೋಳಗುಮ್ಮಟದ ಮುಂದಿರುವ ಮ್ಯೂಜಿಯಮ್ಮನ್ನು ನಿಮ್ಮಲ್ಲಿ ಅನೇಕರು ನೋಡಿರುವಿರಿ. ಅಲ್ಲಿ ಆಯುಧಗಳೂ ಗಾಲೀಚೆಗಳೂ ಶಾಸನಗಳೂ ಇವೆ. ಆ ಗಾಲೀಚೆ ನೇಯ್ದವನ ಮನೆಯ ಸುದ್ದಿ ಇಲ್ಲ. ಲಂಡನ್ ಪಟ್ಟಣದ ಮ್ಯೂಜಿಯಮ್ಮಿನವರಾದರೋ ಕೋವಿಡ್ ನಡೆದಿರುವಾಗಲೇ ಸಾಧಾರಣ ಜನರ ಸಾಮಾನುಗಳನ್ನೂ ಮಾತುಗಳನ್ನೂ ಕೂಡಿಸಲಾರಂಭಿಸಿದರು. ಅವರ ಕನಸುಗಳನ್ನು ಸಹ ಕೇಳಿ ಇಟ್ಟುಕೊಂಡರು. (ನಗಬೇಡಿರಿ, ಆ ದಿನಗಳಲ್ಲಿ ನಾವೂ ಎಂಥೆಂಥ ಕನಸು ಕಂಡೆವು!) ಅದೇ ಪಟ್ಟಣದಲ್ಲಿ ಸತ್ತವರ ಮನೆಯವರು 2021ರ ಮಾರ್ಚ್ ತಿಂಗಳಲ್ಲಿ ಥೇಮ್ಸ್ ನದಿಯ ದಂಡೆಯ ಗೋಡೆಗೆ, ಒಂದು ಜೀವಕ್ಕೆ ಒಂದರಂತೆ ಕೆಂಪು ಹೃದಯಗಳನ್ನು ಬರೆಯಲಾರಂಭಿಸಿದರು.

ಹಾಗಾದರೆ ರಬಕವಿ-ಬನಹಟ್ಟಿಯವರು ಏನನ್ನು ಇಡಬೇಕು? ಮಗ್ಗ ನಿಂತ ವಾರಗಳಲ್ಲಿ ಖಾಲಿ ಉಳಿದ ಮಜೂರಿ ವಹಿಯ ಹಾಳೆಯನ್ನು ಇಡಲಿ. ಹಳೇ ಸೀರೆ ಹರಿದು ಹೊಲಿದ ಮಾಸ್ಕನ್ನು ಇಡಲಿ. ಆಶಾ ಕಾರ್ಯಕರ್ತೆಯ ಕಾಲು ಸವೆದದ್ದನ್ನೂ ಹಸಿದವರಿಗೆ ರೊಟ್ಟಿ ಮುಟ್ಟಿಸಿದ್ದನ್ನೂ ಬರೆಯಲಿ. ಇವುಗಳನ್ನು ಎಲ್ಲರೂ ಸಂತೋಷದಿಂದ ಹೇಳುವರು. ಆದರೆ ಮಹಾರಾಷ್ಟ್ರದಿಂದ ದುಡಿದು ಬಂದ ಸ್ವಂತ ತಮ್ಮನಿಗೆ ಕದ ತೆರೆಯದ ಅಣ್ಣನ ಮಾತು? ಒಂದೇ ಮತದವರು ಬೇನೆ ತಂದರೆಂಬ ಸುಳ್ಳು 2020ರ ಏಪ್ರಿಲ್‌ನಲ್ಲಿ ದೇಶದಲ್ಲೆಲ್ಲಾ ಹಬ್ಬಿದಾಗ ಅದನ್ನು ಬಾಯಿಂದ ಬಾಯಿಗೆ ಸಾಗಿಸಿದವರ ಮಾತು? ಇವುಗಳನ್ನು ಬಿಟ್ಟು ಉಪಕಾರಗಳನ್ನು ಮಾತ್ರ ಕೂಡಿಸಿದರೆ, ಬರೆದ ಒಂದೊಂದು ಮಾತು ನಿಜವಾಗಿದ್ದರೂ ಒಟ್ಟು ಪುಸ್ತಕವು ಸುಳ್ಳುಸಾಕ್ಷಿಯಾಗುವದು. ಮೊಮ್ಮಕ್ಕಳು ಅದನ್ನೋದಿ, ನಮ್ಮ ಹಿರಿಯರು ಯಾರನ್ನೂ ದೂಡಲಿಲ್ಲವೆಂದು ನಂಬುವರು. ತಮ್ಮ ಕಾಲದ ಬೇನೆಯಲ್ಲಿ ಯಾವದಕ್ಕೆ ಎಚ್ಚರಪಡಬೇಕೆಂಬದು ಅವರಿಗೆ ತಿಳಿಯದು.

ಮಾಯ್ದ ಹುಣ್ಣನ್ನು ಯಾಕೆ ಕೆದಕಬೇಕೆಂದು ಕೆಲವರು ಕೇಳುವರು. ಇದು ಹಗುರವಾದ ಪ್ರಶ್ನೆಯಲ್ಲ. ವಿಧವೆಯು ಒಲ್ಲೆನೆಂದರೆ ಕೇಳುವವನು ಎದ್ದು ಬರತಕ್ಕದ್ದು. ಆಕೆಯ ದುಃಖವು ಆಕೆಯ ಸ್ವತ್ತು, ಊರಿನ ಸ್ವತ್ತಲ್ಲ. ಹೇಳಿದ ಮೇಲೆ ಬೇಡವೆಂದರೂ ಹಾಳೆಯನ್ನು ತಿರುಗಿ ಕೊಡಬೇಕು. ಕದ ಮುಚ್ಚಿದ ಅಣ್ಣನೂ ಹೊರಗೆ ನಿಂತ ತಮ್ಮನೂ ಇಂದು ಒಂದೇ ಬಾವಿಯ ನೀರು ಸೇದುವವರಾಗಿದ್ದರೆ, ಆ ಮಾತನ್ನು ಲಕೋಟೆಯೊಳಗೆ ಹಾಕಿ ಅರಗಿನ ಮುದ್ರೆ ಒತ್ತಿ, ತೆರೆಯತಕ್ಕ ವರುಷವನ್ನು ಮೇಲೆ ಬರೆದಿಡಬಹುದು. ಅದು 30 ವರುಷವೋ 50 ವರುಷವೋ, ಮಾತು ಕೊಟ್ಟವನೇ ಗೊತ್ತುಮಾಡಲಿ.