ಕೀಲಿ ಇದ್ದವಳೆಲ್ಲ ಒಡತಿಯೇ?

ಹಳೆಯ ತುಂಬಿದ ಮನೆಗಳಲ್ಲಿ ಅತ್ತೆಯ ಸೊಂಟದಲ್ಲಿ ಕೀಲಿಗೊಂಚಲು ತೂಗುತ್ತಿತ್ತು. ಬೆಲ್ಲ ತುಪ್ಪದ ಕೋಣೆ, ಪಾತ್ರೆಯ ಸಂದೂಕ, ಸೀರೆಯ ಪೆಟ್ಟಿಗೆ ಎಲ್ಲದರ ಬೀಗವೂ ಅವಳ ಕೈಯಲ್ಲೇ. ನೋಡಿದವರು ಅವಳೇ ಯಜಮಾನಿ ಎಂದುಕೊಳ್ಳಬೇಕು. ಆದರೆ ಹೊಲ ಮಾರುವ ಮಾತು ಬಂದಾಗ, ಮಗಳ ಸಂಬಂಧ ಗೊತ್ತು ಮಾಡುವಾಗ ಅವಳನ್ನು ಕೇಳುವವರಿರಲಿಲ್ಲ. ಕೀಲಿ ಅವಳದು, ತೀರ್ಮಾನ ಇನ್ನಾರದೋ. ಹಾಗಾದರೆ ಒಡೆತನ ಎಂದರೆ ಏನು?

ಈ ಪ್ರಶ್ನೆ ಈಗ ಬೇರೊಂದು ಬಗೆಯ ಆಸ್ತಿಯ ವಿಷಯದಲ್ಲಿ ನಮ್ಮ ಮನೆಬಾಗಿಲಿಗೆ ಬಂದಿದೆ. ಎರಡು ರವಿಕೆ ಕಣ ಕೊಂಡರೂ ಬಿಲ್ಲು ಮಾಡುವ ಹುಡುಗ, "ಮೇಡಂ, ಮೊಬೈಲ್ ನಂಬರ್ ಹೇಳಿ" ಅನ್ನುತ್ತಾನೆ. ಮುಟ್ಟಿನ ದಿನಕ್ಕೆ ಗೋಡೆಯ ಕ್ಯಾಲೆಂಡರಿನಲ್ಲಿ ಚುಕ್ಕಿ ಇಡುತ್ತಿದ್ದವರು ನಾವು. ನಮ್ಮ ಹೆಣ್ಣುಮಕ್ಕಳು ಅದನ್ನು ಫೋನಿನ ಆ್ಯಪಿಗೆ ಹೇಳುತ್ತಾರೆ. ಥೈರಾಯ್ಡ್ ವರದಿ, ಚಿನ್ನದ ಸಾಲದ ಕಂತು, ಮೊಮ್ಮಗುವಿನ ಫೋಟೋ ಎಲ್ಲವೂ ನಮ್ಮವೇ. ಆದರೆ ಅವು ಇರುವುದು ನಾವು ಎಂದೂ ಕಾಣದ ಯಾರದೋ ಕಂಪ್ಯೂಟರಿನಲ್ಲಿ.

ಇದು ಸರಿಯಲ್ಲ ಎಂದು ಹೇಳಿದವರ ಪೈಕಿ ಟಿಮ್ ಬರ್ನರ್ಸ್-ಲೀ ಒಬ್ಬರು. 1989ರಲ್ಲಿ ಜಿನೀವಾ ಬಳಿಯ ಸರ್ನ್ ಎಂಬ ವಿಜ್ಞಾನ ಸಂಸ್ಥೆಯಲ್ಲಿದ್ದಾಗ ವರ್ಲ್ಡ್ ವೈಡ್ ವೆಬ್ಬಿನ ಕಲ್ಪನೆಯನ್ನು ಬರೆದು ಕೊಟ್ಟವರು ಅವರೇ. ಯಾರು ಬೇಕಾದರೂ ಹಣ ತೆರದೆ ವೆಬ್ಬನ್ನು ಬಳಸಬಹುದೆಂದು ಸರ್ನ್ 1993ರ ಏಪ್ರಿಲ್‌ನಲ್ಲಿ ಸಾರಿತು. ಊರ ಬಾವಿಯ ಹಾಗೆ. ಆದರೆ ಬರಬರುತ್ತಾ ಕೆಲವೇ ದೊಡ್ಡ ಕಂಪನಿಗಳು ಆ ಬಾವಿಕಟ್ಟೆಯ ಮೇಲೆ ಕೂತು, ನೀರಿಗೆ ಬಂದವರ ಹೆಸರು, ಮನೆ, ಆಡಿದ ಮಾತು ಎಲ್ಲವನ್ನೂ ಬರೆದಿಟ್ಟುಕೊಳ್ಳತೊಡಗಿದವು.

ಇದಕ್ಕೆ ಪರಿಹಾರವಾಗಿ ಬರ್ನರ್ಸ್-ಲೀ ಅಮೆರಿಕದ ಎಂ.ಐ.ಟಿ.ಯಲ್ಲಿ (ನಮ್ಮ ಮಣಿಪಾಲದ್ದಲ್ಲ, ಮೆಸಾಚುಸೆಟ್ಸ್ ರಾಜ್ಯದ್ದು) 'ಸಾಲಿಡ್' ಎಂಬ ಕೆಲಸ ಕೈಗೊಂಡರು. ತತ್ವ ಸರಳ. ಪ್ರತಿಯೊಬ್ಬರಿಗೂ 'ಪಾಡ್' ಎಂಬ ಸ್ವಂತದ ಒಂದು ಜಾಗ. ತವರಿನಿಂದ ತಂದ ಟ್ರಂಕು ಎಂದುಕೊಳ್ಳಿ. ಅದನ್ನು ಎಲ್ಲಿಡಬೇಕೆಂಬುದು ನಿಮ್ಮಿಷ್ಟ. ಇಟ್ಟ ಜಾಗ ಸರಿಬೀಳದಿದ್ದರೆ ಟ್ರಂಕನ್ನೇ ಎತ್ತಿಕೊಂಡು ಬೇರೆಡೆಗೆ ಹೋಗಬಹುದು. ವೈದ್ಯರಿಗೆ ರಕ್ತಪರೀಕ್ಷೆಯ ವರದಿ ಮಾತ್ರ, ಬ್ಯಾಂಕಿಗೆ ಸಂಬಳದ ಚೀಟಿ ಮಾತ್ರ ತೋರಿಸಬಹುದು. ಬೇಡವೆನಿಸಿದ ದಿನ ಕೊಟ್ಟ ಅನುಮತಿಯನ್ನು ಹಿಂದಕ್ಕೆ ಪಡೆಯಬಹುದು.

2015ರಲ್ಲಿ ಈ ಕೆಲಸಕ್ಕೆಂದು ಮಾಸ್ಟರ್‌ಕಾರ್ಡ್ ಕಂಪನಿ ಎಂ.ಐ.ಟಿ.ಗೆ ಹತ್ತು ಲಕ್ಷ ಡಾಲರ್ ಕೊಡುಗೆ ಕೊಟ್ಟಿತು. ವಿಶ್ವವಿದ್ಯಾಲಯ ಜಾಗ ಕೊಟ್ಟಿತು, ವಿದ್ಯಾರ್ಥಿಗಳನ್ನು ಕೊಟ್ಟಿತು, ತಪ್ಪಿದರೂ ಮತ್ತೆ ಮಾಡಿ ನೋಡುವ ಬಿಡುವನ್ನು ಕೊಟ್ಟಿತು. 2018ರಲ್ಲಿ ಬರ್ನರ್ಸ್-ಲೀ ಅಲ್ಲಿಂದ ರಜೆ ಪಡೆದು, ಉದ್ಯಮಿ ಜಾನ್ ಬ್ರೂಸ್ ಜೊತೆ 'ಇನ್‌ರಪ್ಟ್' ಎಂಬ ಹೊಸ ಕಂಪನಿಯನ್ನು ಜನರ ಮುಂದಿಟ್ಟರು. ಬೆಲ್ಜಿಯಂ ದೇಶದ ಫ್ಲಾಂಡರ್ಸ್ ಪ್ರಾಂತ್ಯದ ಸರ್ಕಾರ ತನ್ನ ನಾಗರಿಕರಿಗೆ ಇಂಥ ಟ್ರಂಕು ಕೊಡಲು ಮುಂದಾಯಿತು. ಅಲ್ಲಿನ ಗೆಂಟ್ ವಿಶ್ವವಿದ್ಯಾಲಯ ಸಂಶೋಧನೆಗೆ ನಿಂತಿತು. 2024ರಲ್ಲಿ ಸಾಲಿಡ್‌ನ ಉಸ್ತುವಾರಿಯನ್ನು ಲಂಡನ್ನಿನ ಓಪನ್ ಡೇಟಾ ಇನ್‌ಸ್ಟಿಟ್ಯೂಟ್ ಎಂಬ ಲಾಭದ ಉದ್ದೇಶವಿಲ್ಲದ ಸಂಸ್ಥೆ ವಹಿಸಿಕೊಂಡಿತು.

ಒಳ್ಳೆಯ ಕೆಲಸವೇ. ಅಂಗಡಿಯವನು ತನಗೆ ಲಾಭವಿಲ್ಲದ ಬೀಗವನ್ನು ತಾನಾಗಿ ಮಾಡಿಕೊಡುವುದಿಲ್ಲ. ಅಂಥದ್ದಕ್ಕೆ ವಿಶ್ವವಿದ್ಯಾಲಯವೇ ಬೇಕು. ಆದರೂ ನನ್ನ ಮನಸ್ಸು ಒಂದು ಕಡೆ ತಡೆಯುತ್ತದೆ. ಕೀಲಿ ಕೈಗೆ ಬಂದೊಡನೆ ನಾವು ಒಡತಿಯರಾಗಿಬಿಡುತ್ತೇವೆಯೇ?

ನಮ್ಮದೇ ರಾಜ್ಯದ ಒಂದು ಸಂಗತಿ ನೋಡಿ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಷ್ಟೇ ಹಕ್ಕು ಮಗಳಿಗೂ ಉಂಟೆಂದು ಕರ್ನಾಟಕ 1994ರಲ್ಲೇ ಹಿಂದೂ ಉತ್ತರಾಧಿಕಾರ ಕಾಯಿದೆಗೆ ತಿದ್ದುಪಡಿ ತಂದಿತು. ಅದಕ್ಕೆ ಮುಂಚೆಯೇ ಮದುವೆಯಾದವರು ಆಗ ಹೊರಗುಳಿದರು. 2005ರಲ್ಲಿ ಕೇಂದ್ರದ ತಿದ್ದುಪಡಿ ಬಂದು ಮದುವೆಯಾದವರನ್ನೂ ಒಳಗೊಂಡಿತು. ಕಾಗದದ ಮೇಲೆ ಎಲ್ಲ ಸರಿಯಾಯಿತು. ಆಮೇಲೆ ಏನಾಯಿತು?

ಕೆಲವು ವರ್ಷಗಳ ಹಿಂದೆ ಬಂಧುವೊಬ್ಬರ ಜೊತೆಗೆ ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಿದ್ದೆ. ಅಣ್ಣಂದಿರ ಹೆಸರಿಗೆ ಹಕ್ಕು ಖುಲಾಸೆ ಪತ್ರ ಮಾಡಿಕೊಡಲು ಅವಳು ಬಂದಿದ್ದಳು. "ಸ್ವಂತ ಇಚ್ಛೆಯಿಂದ ಸಹಿ ಮಾಡ್ತಿದ್ದೀರಾ ಅಮ್ಮಾ?" ಎಂದು ಅಧಿಕಾರಿ ಕೇಳಿದರು. "ಹೌದು ಸಾರ್" ಎಂದಳು. ಯಾರೂ ಬಲವಂತ ಮಾಡಿರಲಿಲ್ಲ, ಕೈ ಹಿಡಿದು ಬರೆಸಿರಲಿಲ್ಲ. ಅಣ್ಣಂದಿರು ಒಳ್ಳೆಯ ರೇಷ್ಮೆ ಸೀರೆಯನ್ನೇ ತಂದಿದ್ದರು. ಮೆಟ್ಟಿಲಿಳಿಯುವಾಗ ನನ್ನ ಕಿವಿಯಲ್ಲಿ ಹೇಳಿದಳು, "ಬೇಡ ಅಂದಿದ್ರೆ ತವರಿನ ಬಾಗಿಲು ಮುಚ್ಚಿ ಹೋಗ್ತಿತ್ತು ಕಣೇ. ನಾಳೆ ಮಗಳ ಮದುವೇಲಿ ಸೋದರಮಾವ ಅಂತ ನಿಲ್ಲೋರು ಯಾರು?"

ಆ ಸಹಿಯನ್ನು ಒಪ್ಪಿಗೆ ಎನ್ನಬೇಕೇ? ಕಾನೂನಿನ ಲೆಕ್ಕದಲ್ಲಿ ಹೌದು. ನನ್ನ ಲೆಕ್ಕದಲ್ಲಿ, 'ಬೇಡ' ಎನ್ನುವುದಕ್ಕೆ ತೆರಬೇಕಾದ ಬೆಲೆ ಕೈಮೀರಿದಾಗ 'ಹೌದು' ಎನ್ನುವ ಮಾತಿಗೆ ತೂಕವಿಲ್ಲ. ಒಡೆತನ ಇರುವುದು ಕೀಲಿಯಲ್ಲಲ್ಲ. ಬೇಡ ಎಂದಮೇಲೂ ಹಿಂದಿನಂತೆಯೇ ಬದುಕಲು ಆಗುವುದರಲ್ಲಿ.

ಹಾಗೆಂದು ಹಕ್ಕೇ ದಂಡವಾಯಿತು ಎಂದು ನಾನು ಹೇಳಲಾರೆ. ಮೊದಲಾದರೆ ಅವಳ ಸಹಿಯೇ ಬೇಕಿರಲಿಲ್ಲ. ಅಣ್ಣಂದಿರು ಹಂಚಿಕೊಂಡು, ಹಬ್ಬಕ್ಕೆ ಬಂದಾಗ ಸುದ್ದಿ ಹೇಳಿದ್ದರೆ ಮುಗಿಯುತ್ತಿತ್ತು. ಈಗ ಕೇಳಲೇಬೇಕು. ಕೇಳಿಸಿಕೊಂಡವಳು ಎಂದಾದರೂ ಒಂದು ದಿನ ಬೇರೆ ಉತ್ತರ ಕೊಟ್ಟಾಳು. ಕೆಲವರು ಕೊಟ್ಟಿದ್ದಾರೆ ಕೂಡ. ಬರ್ನರ್ಸ್-ಲೀ ಅವರ ಟ್ರಂಕಿಗೂ ಇಷ್ಟು ಬೆಲೆ ಖಂಡಿತ ಉಂಟು.

ಆದರೆ ಟ್ರಂಕಿನ ವಿಷಯದಲ್ಲಿ ಇನ್ನೂ ಎರಡು ತೊಡಕುಗಳಿವೆ. ಹೊಲ ಒಂದೇ ಇರುತ್ತದೆ. ಮಾಹಿತಿಗೆ ಎಷ್ಟು ಬೇಕಾದರೂ ನಕಲು. ಒಮ್ಮೆ ನೋಡಿದವರು ಬರೆದಿಟ್ಟುಕೊಂಡರೆ, ನಾಳೆ ನಾವು ಬೀಗ ಹಾಕಿ ಪ್ರಯೋಜನವೇನು? ಇನ್ನೊಂದು, ಇಂಥ ಕಂಪನಿಗೆ ಹಣ ಕೊಡುವವರು ಯಾರು ಎಂಬುದು. ಇನ್‌ರಪ್ಟ್ ತನ್ನ ತಂತ್ರಾಂಶವನ್ನು ಮಾರುವುದು ಹೆಚ್ಚಾಗಿ ಸರ್ಕಾರಗಳಿಗೆ, ದೊಡ್ಡ ಸಂಸ್ಥೆಗಳಿಗೆ. ಅಂದರೆ ನಮ್ಮ ಟ್ರಂಕನ್ನು ಕೊಳ್ಳುವವರು ಅದರೊಳಗೆ ಇಣುಕಬೇಕಾದವರೇ. ಇದರಲ್ಲಿ ಕೆಟ್ಟತನವಿದೆ ಎಂದಲ್ಲ, ಕಂಪನಿ ಬದುಕಬೇಕಲ್ಲ. ಆದರೆ ಗಿರಾಕಿಯ ಅನುಕೂಲ ಮೊದಲಾಗಿ, ಟ್ರಂಕಿನವಳ ಮಾತು ಹಿಂದಾಗುವುದು ಲೋಕದ ರೂಢಿ.

ಕಾನೂನು ಸ್ವಲ್ಪ ದೂರ ಜೊತೆಗೆ ಬರುತ್ತದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಹೂಡಿದ ಮೊಕದ್ದಮೆಯಲ್ಲಿ, ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿತು. 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯಿದೆಯೂ ಬಂತು. ಒಪ್ಪಿಗೆ ಮುಕ್ತವಾಗಿರಬೇಕು, ಕೊಟ್ಟಷ್ಟೇ ಸುಲಭವಾಗಿ ಹಿಂತೆಗೆಯುವಂತಿರಬೇಕು ಎನ್ನುತ್ತದೆ ಅದು. ಮಾತು ಬಂಗಾರದಂಥದ್ದು. ಆದರೆ ಸಬ್ ರಿಜಿಸ್ಟ್ರಾರರ ಪ್ರಶ್ನೆಯೂ ಬಂಗಾರದಂಥದ್ದೇ ಆಗಿತ್ತು. ಬಟ್ಟೆ ಅಂಗಡಿಯಲ್ಲಿ ನಂಬರ್ ಕೊಡುವುದಿಲ್ಲ ಎಂದರೆ ಹುಡುಗ ಹತ್ತು ಸೊನ್ನೆ ಒತ್ತಿ ಬಿಲ್ಲು ಕೊಡುತ್ತಾನೆ. ಸಾಲಕ್ಕೆ ಅರ್ಜಿ ಹಿಡಿದು ನಿಂತವಳು, ಮಗುವನ್ನು ಆಸ್ಪತ್ರೆಗೆ ಎತ್ತಿಕೊಂಡು ಬಂದವಳು ಹಾಗೆ ಹೇಳಲು ಸಾಧ್ಯವೇ?

ವಿಶ್ವವಿದ್ಯಾಲಯದ ಕೆಲಸ ಮುಗಿಯುವುದಿಲ್ಲ ಎಂದು ನನಗನ್ನಿಸುವುದು ಇಲ್ಲಿಯೇ. ಹೊಸ ಕಂಪನಿಯನ್ನು ಸಾಕಿ, ಬೆಳೆಸಿ, ಗಂಡನ ಮನೆಗೆ ಕಳಿಸಿದ ಹಾಗೆ ಕಳಿಸಿ ಕೈ ತೊಳೆದುಕೊಂಡರೆ ಸಾಲದು. 1993ರಲ್ಲಿ ಸರ್ನ್ ಮಾಡಿದಂತೆ ತತ್ವವನ್ನು ಎಲ್ಲರ ಬಾವಿಯಾಗಿ ಉಳಿಸುವುದು ಒಂದು ಕರ್ತವ್ಯ. ಸಾಲಿಡ್ ಇಂದಿಗೂ ಎಲ್ಲರಿಗೂ ತೆರೆದೇ ಇದೆ ಎಂಬುದು ಸಮಾಧಾನದ ಮಾತು. ಇನ್ನೊಂದು ಕರ್ತವ್ಯ, ಕಂಪನಿ ಕೇಳಲಾರದ ಪ್ರಶ್ನೆಯನ್ನು ಕೇಳುವುದು. ಎಷ್ಟು ಜನ ಅನುಮತಿ ಕೊಟ್ಟರು ಎಂಬ ಲೆಕ್ಕವನ್ನು ಕಂಪನಿಯೇ ಇಡುತ್ತದೆ. ಕೊಡದವರಿಗೆ ಏನಾಯಿತು? ಅವರಿಗೆ ಸಾಲ ಸಿಕ್ಕಿತೇ, ಚಿಕಿತ್ಸೆ ಸಿಕ್ಕಿತೇ, ಕೆಲಸ ಸಿಕ್ಕಿತೇ? ಈ ಲೆಕ್ಕ ಇಡಲು ಲಾಭದ ಹಂಗಿಲ್ಲದವರು ಬೇಕು.

ನಮ್ಮ ಜಿಲ್ಲಾ ಕೇಂದ್ರಗಳ ಎಂಜಿನಿಯರಿಂಗ್ ಕಾಲೇಜುಗಳಲ್ಲೂ ಈಗ ಹೊಸ ಕಂಪನಿಗಳಿಗೆ ಕೋಣೆ, ಕಂಪ್ಯೂಟರು, ಒಂದಿಷ್ಟು ಹಣ ಕೊಡುವ ಕೇಂದ್ರಗಳಿವೆ. ಅಲ್ಲಿ ಕೂತಿರುವವರು ನಮ್ಮ ನಿಮ್ಮ ಮಕ್ಕಳೇ. ಮುಂದಿನ ಟ್ರಂಕು ಅವರ ಕೈಯಿಂದಲೂ ಬಂದೀತು. ಊಟಕ್ಕೆ ಕೂತಾಗ "ನಿಮ್ಮ ಕಂಪನಿ ಎಷ್ಟು ದುಡಿಯುತ್ತದೆ?" ಎಂದು ನಾವು ಕೇಳಿಯೇ ಕೇಳುತ್ತೇವೆ. ಅದರ ಜೊತೆಗೆ, "ಬೇಡ ಅಂದವಳನ್ನು ನಿಮ್ಮ ಯಂತ್ರ ಹೇಗೆ ನಡೆಸಿಕೊಳ್ಳುತ್ತದೆ?" ಎಂದೂ ಕೇಳೋಣ. ಕೂಡಲೇ ಉತ್ತರ ಬರಲಿಕ್ಕಿಲ್ಲ. ಆದರೂ ತಾಯಿ ಕೇಳಿದ ಪ್ರಶ್ನೆ ಅಷ್ಟು ಬೇಗ ಮರೆಯುವಂಥದ್ದಲ್ಲ.